ಹಳದಿ ಹಾಲು

ಸೊಸೆಯ ಮೊದಲ ಹಾಲನ್ನು ಹಿಂಡಿ ತಂದ ಬಟ್ಟಲನ್ನು ತಿಪ್ಪೆಗೆ ಬಗ್ಗಿಸಬೇಕು, ಅಷ್ಟರಲ್ಲಿ ಪೀರಬಿಯ ಕಣ್ಣು ಗಂಡನ ಮೇಲೆ ಬಿತ್ತು. ಮೋದಿನಸಾಬ ಚರಿಗೆ ಹಿಡಿದು, ಬೆಳಿಗ್ಗೆಯಷ್ಟೇ ಈದಿದ್ದ ಆಕಳ ಕೆಚ್ಚಲಿಗೆ ಕೈ ಹಾಕಿ ಕೂತಿದ್ದ. ಕರು ಕಾಲು ನಡುಗಿಸುತ್ತ ಪಕ್ಕದಲ್ಲಿ ನಿಂತಿತ್ತು.

“ಮೊದಲ ಕರಕ್ಕ ಬಿಡ್ರಿ! ನಿಮ್ಮ ಗಿಣ್ಣದ ಚಪಲಕ್ಕ ಬೆಂಕಿ ಹತ್ಲಿ! ಈ ಹಳದಿ ಹಾಲು ಹೊಟ್ಟಿಗೆ ಬೀಳಲಿಲ್ಲಂದ್ರ ಕರ ಉಳಿಯೂದಿಲ್ಲ, ಗೊತ್ತಿಲ್ಲೇನು?” ಪೀರಬಿ ಎಡಗೈಯಲ್ಲಿ ಬಟ್ಟಲು ಹಿಡಿದೇ ಬಲಗೈಯಿಂದ ಕರುವಿನ ಮೂತಿಯನ್ನು ಕೆಚ್ಚಲಿಗೆ ಒತ್ತಿದಳು.

“ಅತ್ತಿ…” ನಿನ್ನೆ ಹೆತ್ತ ಸೊಸೆ ಜನ್ನತಬಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ತೋಳಿನಲ್ಲಿದ್ದ ಕೂಸು ಬೆಲ್ಲದ ನೀರಿನಲ್ಲಿ ಅದ್ದಿ ಬಾಯಿಗಿಟ್ಟ ಬಟ್ಟೆಯ ಬತ್ತಿ ಚೀಪಿ ಚೀಪಿ ಸೋತು, ಅಳುವುದನ್ನೂ ಬಿಟ್ಟಿತ್ತು. “ಮತ್ತ ನನ್ನ ಹಾಲು ಯಾಕ ಚೆಲ್ಲಾಕತ್ತೀರಿ? ಅದೂ ಹಿಂಗ ಹಳದೀನ ಐತಲ್ರಿ.”

“ಅದು ಕೆಟ್ಟ ಹಾಲು ಬೇ. ಮೂರು ದಿನ ಕುಡಸಬಾರದು. ನಮ್ಮ ಅತ್ತೀನೂ ನನಗ…” ಪೀರಬಿ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಅತ್ತೆ ಹೇಳಿದಂತೆ ಆರು ಬಾಣಂತನದಲ್ಲೂ ಅವಳು ತನ್ನ ಹಾಲನ್ನು ಇದೇ ತಿಪ್ಪೆಗೆ ಸುರಿದಿದ್ದಳು. ಆರರಲ್ಲಿ ನಾಲ್ಕು ಕೂಸುಗಳು ತಿಂಗಳು ತುಂಬುವ ಮೊದಲೇ ದೇವಣಗಾಂವದ ಖಬರಸ್ತಾನ ಸೇರಿದ್ದವು.

ಕರು ಲೊಚಲೊಚನೆ ಕುಡಿಯುತ್ತಿತ್ತು. ಬಟ್ಟಲಿನಲ್ಲಿ ಇದ್ದದ್ದು ಎರಡು ಚಮಚದಷ್ಟು ಹಾಲು. ಪೀರಬಿ ಅದನ್ನು ಸೊಸೆಯತ್ತ ಚಾಚಿದಳು.

“ಬತ್ತಿ ಇದರಾಗ ಅದ್ದವಾ,” ಎಂದಳು.