ಗೋಡೆಗೊಬ್ಬ ಅಪ್ಪ

ಹುಡುಗಿ ಸುಳ್ಳು ಹೇಳುತ್ತಿದ್ದಳು. ಫೋಟೊ ಕೈಗೆ ಬಂದ ಕೂಡಲೇ, ಓಣಿಯವರೆಲ್ಲ ರಾಮಯ್ಯ ಎಂದು ಕರೆಯುವ ಆ ಚಿತ್ರಗಾರನಿಗೆ ಅದು ತಿಳಿದುಹೋಯಿತು.

"ನಮ್ಮಪ್ಪ. ತೀರ್ಕೊಂಡು ಎರಡು ವರ್ಷ ಆಯ್ತು ಸಾರ್. ಹಾರ್ಟ್ ಅಟ್ಯಾಕು," ಎಂದಳು ಸೌಂದರ್ಯಾ. ಹೊರಮಾವಿನಿಂದ ಎರಡು ಬಸ್ಸು ಬದಲಿಸಿ, ರಸೆಲ್ ಮಾರುಕಟ್ಟೆಯ ಹಿಂದಿನ ಈ ಓಣಿಗೆ ಬಂದಿದ್ದಳು. ಗಾರ್ಮೆಂಟ್ಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಕಪ್ಪು ಬಿಳುಪಿನ ಮದುವೆಯ ಫೋಟೊ ಅದು. ಮದುಮಗಳ ಭಾಗವನ್ನು ಕತ್ತರಿಸಿದ್ದರು. ಅಂಚಿನಲ್ಲಿ ಬಳೆ ತುಂಬಿದ ಒಂದು ಕೈಯಷ್ಟೇ ಉಳಿದಿತ್ತು.

"ಒಂದು ವಾರದಲ್ಲಿ ಬೇಕು. ಕೆಳಗೆ 'ದಿವಂಗತ ನಿಂಗಣ್ಣ' ಅಂತ ಬರೀಬೇಕು."

"ಎಣ್ಣೆ ಬಣ್ಣ ಅಮ್ಮ ಇದು, ಗೋಡೆಗೆ ಸುಣ್ಣ ಬಳಿದಂಗಲ್ಲ. ಎರಡು ತಿಂಗಳು ಹಿಡಿಯುತ್ತೆ. ಸತ್ತವರಿಗೇನು ಅವಸರ?"

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸತ್ತಿಲ್ಲ ಸಾರ್. ನಾನು ಆರು ವರ್ಷದವಳಿದ್ದಾಗ ಬಿಟ್ಟು ಓಡಿಹೋದ. ಹದಿನಾಲ್ಕು ವರ್ಷ ಆಯ್ತು. ಗಂಡಿನ ಕಡೆಯವರಿಗೆ ತೀರ್ಕೊಂಡ ಅಂದ್ಬಿಟ್ಟಿದೀವಿ. ಅವರು ಮನೆ ನೋಡೋಕೆ ಬರ್ತಾರೆ, ಗೋಡೆ ಮೇಲೆ ಅಪ್ಪ ಇರಬೇಕಲ್ಲ? ಓಡಿಹೋದವನ ಮಗಳನ್ನ ಯಾರು ಮಾಡ್ಕೋತಾರೆ? ಸತ್ತವನ ಮಗಳಾದ್ರೆ ಪಾಪ ಅಂತಾರೆ."

ರಾಮಯ್ಯ ಗಡ್ಡ ನೀವಿಕೊಂಡ. "ಅವನೇ ಬಂದ್ಬಿಟ್ರೆ?"

"ಅದೊಂದು ಬೇಡ. ಬರ್ದೆ ಇರೋ ಉಪಕಾರನಾದ್ರೂ ಮಾಡ್ಲಿ."

"ದಸರಾ ಆದ್ಮೇಲೆ ಬರೋಕೆ ಹೇಳು ಅವರಿಗೆ," ಎಂದ. "ಅವಸರ ಮಾಡಿದ್ರೆ ಮುಖ ಬಿರಿಯುತ್ತೆ."

ಮೊದಲು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿದ ಕಂದು ಬಣ್ಣದಿಂದ ನೆರಳುಗಳನ್ನಷ್ಟೇ ಹಾಕಿದ. ಅದು ಒಣಗಿದ ಮೇಲೆ ಮೈಬಣ್ಣ; ಪದರದಿಂದ ಪದರಕ್ಕೆ ಅಗಸೆ ಎಣ್ಣೆ ಒಂದಿಷ್ಟು ಹೆಚ್ಚು. ಕೆಳಗೆ ಜಿಡ್ಡು ಜಾಸ್ತಿಯಾಗಿ ಮೇಲೆ ಕಡಿಮೆಯಾಯಿತೋ, ಚಿತ್ರ ಬಿರುಕು ಬಿಟ್ಟಂತೆಯೇ. ಮಳೆ ಬಿದ್ದ ಹೊಲ ಹದಕ್ಕೆ ಬರುವ ತನಕ ಕಾಯುವಂತೆ ಕಾಯಬೇಕು. ರಾಮಯ್ಯ ಅದಕ್ಕಿಂತ ಹೆಚ್ಚೇ ಕಾದ. ಮೂರು ಸಲ ತುಟಿ ಬರೆದು, ಮೂರು ಸಲವೂ ಬಟ್ಟೆಯಿಂದ ಒರೆಸಿ ತೆಗೆದ.

ಸೌಂದರ್ಯಾ ಭಾನುವಾರಗಳಲ್ಲಿ ಬಂದು ನೋಡುತ್ತಿದ್ದಳು. "ಅಪ್ಪ ಕಪ್ಪೋ ಕೆಂಪೋ ಅಂತ ಕೇಳಲೇ ಇಲ್ವಲ್ಲ ಸಾರ್ ನೀವು?"

ಬೇರೆ ಗಿರಾಕಿಗಳನ್ನು ಅವನು ಮೊದಲು ಕೇಳುತ್ತಿದ್ದದ್ದೇ ಅದನ್ನು. "ಕೈ ಪಳಗಿದೆ, ಗೊತ್ತಾಗತ್ತೆ," ಎಂದ, ಕ್ಯಾನ್ವಾಸಿನಿಂದ ಮುಖ ತಿರುಗಿಸದೆ.

"ತುಂಬ ಒಳ್ಳೆಯವನ ಥರ ಮಾಡ್ಬಿಟ್ಟಿದೀರ. ಇಂಥ ಮುಖದವನು ಓಡಿಹೋಗ್ತಾನಾ?"

"ಸತ್ತವರೆಲ್ಲ ಒಳ್ಳೆಯವರೇ ಅಮ್ಮ."

ಕೊನೆಗೆ ಉಳಿದದ್ದು ಹೆಸರು. 'ನಿಂಗಣ್ಣ' ಎಂದು ಒಂದೇ ಉಸಿರಿಗೆ ಬರೆದ. ಅದರ ಹಿಂದೆ 'ದಿವಂಗತ' ಎಂದು ಸೇರಿಸಲು ಮಧ್ಯಾಹ್ನವೆಲ್ಲ ಬೇಕಾಯಿತು.

ದಸರಾ ಮುಗಿದ ಭಾನುವಾರ ಹುಡುಗಿ ಚಿತ್ರವನ್ನು ಒಯ್ಯಲು ಬಂದಳು. "ಅಂಚು ಹಿಡ್ಕೊ. ಒಳಗೆ ಇನ್ನೂ ಹಸಿ ಇದೆ," ಎಂದ. ಎದೆಗೆ ತಾಗದಂತೆ, ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ತಿರುಗಿ ನೋಡಬೇಕಾದ ಕಾರಣವೂ ಅವಳಿಗಿರಲಿಲ್ಲ.

"ಹುಡುಗಿ ಥೇಟ್ ಅಪ್ಪನೇ, ಅಲ್ವೇನೋ?" ಎಂದ ಪಕ್ಕದ ಅಂಗಡಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಮುನಿರಾಜಪ್ಪ.

"ಇಲ್ಲ ಕಣೋ, ಬಾಲಮ್ಮನ ಹಾಗಿದಾಳೆ," ಎಂದ ರಾಮಯ್ಯ, ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಹೆಂಡತಿಯ ಹೆಸರೆತ್ತಿ.