ಐದೇ ವರ್ಷದ ಜಾಹೀದ್

ದಾವಲ್‌ಬೀಯ ಮೊಮ್ಮಗ ಜಾಹೀದ್‌ನ ಮೈ ಮೇಲೆ ರೊಟ್ಟಿ ಸುಡಬಹುದಿತ್ತು, ಅಂಥ ಜ್ವರ. ಮಲೇರಿಯಾ ಗುಳಿಗೆಯನ್ನೆಲ್ಲ ನುಂಗಿಸಿದರೂ ಮರಳಿ ಬಂದಿತ್ತು.

"ವಯಸ್ಸೆಷ್ಟು, ಯವ್ವಾ?" ಸಿಂಧನೂರಿನ ಡಾಕ್ಟರು ಕೇಳಿದರು.

"ಐದ್ರೀ," ಎಂದಳು ದಾವಲ್‌ಬೀ. ಸಂತೆಕಲ್ಲೂರಿನ ಬಸ್ಸಿನಲ್ಲಿ ಅರ್ಧ ಟಿಕೆಟ್ ತಪ್ಪಿಸಲು ವರ್ಷವರ್ಷವೂ ಹೇಳಿ, ಸೂರ್ಯಚಂದ್ರರನ್ನೇ ನಂಬಿಸಿದ್ದ ವಯಸ್ಸು ಅದು.

"ಮೊದಲ್ನೇ ಸಲ ಗುಳಿಗಿ ತಗೊಂಡಾಗೂ ಐದು ಅಂದಿದ್ಯಾ? ವಯಸ್ಸು ನೋಡೇ ಗುಳಿಗಿ ಕೊಡ್ತೀವಿ. ಹುಡುಗ ದೊಡ್ಡಾಂವ ಇದ್ರ ರಕ್ತದಾಗ ಔಷಧ ಸಾಲಂಗಿಲ್ಲ, ಜ್ವರ ಸಾಯಂಗಿಲ್ಲ."

ದಾವಲ್‌ಬೀ ಮಂಚ ನೋಡಿದಳು. ಕಂಡಕ್ಟರ್ ಬಂದಾಗಲೆಲ್ಲ ಅವಳು ಮಡಚಿ ಸೆರಗಿನಲ್ಲಿ ಮುಚ್ಚುತ್ತಿದ್ದ ಕಾಲುಗಳು ಅಲ್ಲಿ ಉದ್ದಕ್ಕೆ ಚಾಚಿ ನಡುಗುತ್ತಿದ್ದವು.

"ಒಂಬತ್ತು ತುಂಬ್ಯಾವ್ರೀ ಸಾಹೇಬ್ರ!" ದೂರದ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳೆಲ್ಲ ತಿರುಗಿ ನೋಡುವಂತೆ ಕೂಗಿದಳು. "ಹಿಂದ ತಪ್ಪಿಸಿದ ಟಿಕೆಟೆಲ್ಲ ಬೇಕಾದ್ರ ಹರ್ಕೊಡ್ರಿ, ಮೊದ್ಲ ಗುಳಿಗಿ ಕೊಡ್ರಿ!"