ಶಂಭುಲಿಂಗಪ್ಪನವರ ವೈರಾಗ್ಯ

“ಡಾಕ್ಟ್ರೇ, ನಮ್ಮ ಮನಿಯವರು ಸ್ವಾಮಿಗಳಾಗಾಕತ್ತಾರ. ಏನಾರ ಮಾಡಿ ನಿಲ್ಲಸ್ರಿ!” ಎನ್ನುತ್ತಲೇ ಮಹಾಂತಮ್ಮ ಒಳಗೆ ಬಂದರು. ಅವರ ಹಿಂದೆಯೇ ಗಂಡ, ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಶಂಭುಲಿಂಗಪ್ಪ. ಒಂದು ಕಾಲದಲ್ಲಿ ಇವರು ಬಾಯಿ ತೆರೆದರೆ ಗಿರಣಿಯ ಸದ್ದೇ ಕೇಳುತ್ತಿರಲಿಲ್ಲ. ಈಗ ‘ಕೂಡ್ರಿ’ ಎಂದ ಮೇಲೆಯೇ ಕೂತರು.

ರಾಯಚೂರಿನ ಡಾಕ್ಟರ್ ಸ್ವಪ್ನಾ ಫೈಲು ನೋಡಿ ಖುಷಿಪಟ್ಟರು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೂಜಿ ಬರೆದುಕೊಟ್ಟವರು ಅವರೇ. ಸಕ್ಕರೆ ಇಳಿದಿತ್ತು, ಹೊಟ್ಟೆಯೂ ಕರಗಿತ್ತು.

“ಹೊಟ್ಟಿ ಒಂದೇ ಅಲ್ರೀ, ಎಲ್ಲಾನೂ ಕರಗೇತಿ. ಮಿರ್ಚಿ ಭಜಿ ಬ್ಯಾಡ, ಗುಟ್ಕಾ ಬ್ಯಾಡ, ಇಸ್ಪೀಟ್ ಬ್ಯಾಡ. ಉಪ್ಪಿಲ್ಲದ ಸಾರು ಬಡಿಸಿದ್ರೂ ‘ಚಲೋ ಅದ’ ಅಂತಾರ. ಓಣಿ ಮಂದಿ ಬಂದು ಕಾಲಿಗೆ ಬೀಳಾಕತ್ತಾರ. ಮೊನ್ನೆ ಒಬ್ಬಾಕಿ ಕೂಸಿಗೆ ಹೆಸರಿಡ್ರಿ ಅಂತ ಬಂದಿದ್ಲು!”

“ಏನಂತ ಇಟ್ರಿ?” ಡಾಕ್ಟರ್ ಕೇಳಿದರು.

“ಯಾವುದಿಟ್ರೂ ನಡೀತದ ಅಂದೆ,” ಎಂದರು ಶಂಭುಲಿಂಗಪ್ಪ, ಬಲು ಶಾಂತವಾಗಿ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. “ಇದು ವೈರಾಗ್ಯ ಅಲ್ಲ ಯವ್ವಾ. ಮಿದುಳಿನ್ಯಾಗ ಡೋಪಮಿನ್ ಬಿಡೋ ನರಕೋಶ ಇರ್ತಾವ. ‘ಬೇಕು, ಬೇಕು’ ಅಂತ ಮನಸ್ಸು ಜಗ್ಗೋವು ಅವೇ. ಹೊಟ್ಟಿ ತುಂಬಿದಾಗ ಪೆಪ್ಟೈಡ್ ಅನ್ನೋ ಹಾರ್ಮೋನೊಂದು ಅವನ್ನ ತಣ್ಣಗ ಮಾಡ್ತದ. ಈ ಸೂಜ್ಯಾಗ ಇರೋದೂ ಅಂಥದ್ದೇ. ಕೆಲವರಿಗೆ ಊಟದ ಆಸಿ ಜೊತಿ ಉಳಿದ ಆಸಿನೂ ಕಮ್ಮಿ ಆಗ್ತಾವ.”

ಅಂದರೆ ಓಣಿಯವರು ಕೈ ಮುಗಿಯುತ್ತಿದ್ದ ವೈರಾಗ್ಯ ಇಷ್ಟು ದಿನ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕದಲ್ಲಿತ್ತು. ಮಹಾಂತಮ್ಮ ಮಾತ್ರ ನಗಲಿಲ್ಲ. ಸೆರಗು ಕಣ್ಣಿಗೆ ಹೋಯಿತು.

“ಭಜಿ ಬ್ಯಾಡಂದ್ರ ಬಿಡ್ರಿ. ಜಗಳದಾಗ ‘ದೇವದುರ್ಗಕ್ಕ ತವರಿಗೆ ಹೋಗ್ತೀನಿ, ತಿರುಗಿ ಬರಂಗಿಲ್ಲ’ ಅಂದ್ರ, ‘ಹೋಗು’ ಅಂದ್ರು ರೀ! ಮೂವತ್ತು ವರ್ಷದಾಗ ಒಮ್ಮಿನೂ ಹಂಗ ಅಂದಿದ್ದಿಲ್ಲ. ಖರೇ ಹೇಳ್ರಿ, ಅದೂ ಸೂಜೀದೇ ಕೆಲಸ ಏನು? ಇಲ್ಲಾ ಇವರಿಗೆ ನಾನೇ ಬ್ಯಾಡಾದ್ನೇನು?”

“ಸೂಜೀದೇ ಇರಬೇಕು. ಯಾವಾಗ ಅಂದ್ರು?”

“ಶಿವರಾತ್ರಿ ಮರುದಿನ. ಮರಿಯೋ ಮಾತೇನ್ರಿ ಅದು?”

ಡಾಕ್ಟರ್ ಫೈಲಿನ ಮೊದಲ ಪುಟಕ್ಕೆ ಹೋದರು. ಮೊದಲ ಸೂಜಿ ಹಾಕಿದ್ದು ಯುಗಾದಿ ಕಳೆದ ಮೇಲೆ, ಆ ಶಿವರಾತ್ರಿಯಾಗಿ ತಿಂಗಳ ನಂತರ. ಅವರು ಮೆಲ್ಲಗೆ ತಲೆ ಎತ್ತಿದರು.

ಲೋಕದಲ್ಲಿ ಏನೂ ಬೇಡವಾಗಿದ್ದ ಶಂಭುಲಿಂಗಪ್ಪ, ಕುರ್ಚಿ ಬಿಟ್ಟೆದ್ದು ಹೆಂಡತಿಯ ಬೆನ್ನ ಹಿಂದೆ ನಿಂತು, ಬೆವರುತ್ತ, ಡಾಕ್ಟರಿಗೆ ಎರಡೂ ಕೈ ಮುಗಿಯುತ್ತಿದ್ದರು.